ವಾರಾನ್ನ, ವಿದ್ಯಾರ್ಥಿನಿಲಯ ಮತ್ತು ಬೊಮ್ಮಸಂದ್ರದ ಬಾಡಿಗೆ ಮನೆ

ಬಡವರ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಶುಲ್ಕ, ಸೀಟು, ಮೀಸಲಾತಿಗಳಿಂದ ಆರಂಭಿಸುತ್ತಾರೆ. ಕರ್ನಾಟಕದ ಮಟ್ಟಿಗೆ ಈ ಚರಿತ್ರೆಯನ್ನು ಅನ್ನ ಮತ್ತು ಆಸರೆಗಳಿಂದ ಆರಂಭಿಸುವುದು ಹೆಚ್ಚು ಉಚಿತ. ಬೆಂಗಳೂರಿನ ಸೆಂಟ್ರಲ್ ಕಾಲೇಜು ಮತ್ತು ಮೈಸೂರಿನ ಮಹಾರಾಜ ಕಾಲೇಜುಗಳೇ ಹಳೆಯ ಮೈಸೂರು ಸಂಸ್ಥಾನದಲ್ಲಿ ಉನ್ನತ ಶಿಕ್ಷಣದ ಮುಖ್ಯ ಬಾಗಿಲುಗಳಾಗಿದ್ದ ಕಾಲದಲ್ಲಿ, ಹಳ್ಳಿಯ ಹುಡುಗನ ಮೊದಲ ಚಿಂತೆ ಪುಸ್ತಕದ್ದಾಗಿರಲಿಲ್ಲ. ಪಟ್ಟಣದಲ್ಲಿ ರಾತ್ರಿ ಎಲ್ಲಿ ಮಲಗುವುದು, ಮರುದಿನ ಎಲ್ಲಿ ಉಣ್ಣುವುದು ಎಂಬುದಾಗಿತ್ತು.

ಈ ಚಿಂತೆಗೆ ಸಮಾಜವು ಕಂಡುಕೊಂಡಿದ್ದ ಹಳೆಯ ಉತ್ತರ ವಾರಾನ್ನ. ಸೋಮವಾರ ಒಂದು ಮನೆ, ಮಂಗಳವಾರ ಮತ್ತೊಂದು ಮನೆ ಎಂಬಂತೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಓದು ಮುಗಿಸುವ ಪದ್ಧತಿಯಿದು. ಹಾಡು, ಕಥೆ, ಗಾದೆಗಳಿಗೆ ಸಂದಷ್ಟು ಗಮನ ಜಾನಪದ ಅಧ್ಯಯನದಲ್ಲಿ ಇದಕ್ಕೆ ಸಂದಿಲ್ಲವೆಂಬುದು ಆಶ್ಚರ್ಯದ ಸಂಗತಿ. ದಾನ ಮತ್ತು ಋಣಗಳ ಸೂಕ್ಷ್ಮ ಲೆಕ್ಕಾಚಾರ ಈ ಪದ್ಧತಿಯೊಳಗೇ ಅಡಗಿದೆ. ಯಾವ ಮನೆಯಲ್ಲಿ ಬಿಸಿ ಅನ್ನ, ಯಾವ ಮನೆಯಲ್ಲಿ ತಂಗಳು, ಯಾವ ಮನೆಯಲ್ಲಿ ನೀರು ಸೇದಿದ ಮೇಲೆ ಎಲೆ ಹಾಕುತ್ತಾರೆ ಎಂಬುದು ವಾರದ ಹುಡುಗನಿಗೆ ಪಾಠದಷ್ಟೇ ಚೆನ್ನಾಗಿ ಬಾಯಿಪಾಠವಾಗುತ್ತಿತ್ತು. ಆದರೆ ಈ ಔದಾರ್ಯಕ್ಕೆ ಪಂಕ್ತಿಯ ಗಡಿಯಿತ್ತು. ಬಹುಮಟ್ಟಿಗೆ ಬ್ರಾಹ್ಮಣರ ಮನೆಗಳಲ್ಲಿ ಬ್ರಾಹ್ಮಣ ವಟುಗಳಿಗೆ ಮಾತ್ರ ಲಭ್ಯವಿದ್ದ ಈ ಅನ್ನ ಶೂದ್ರರ, ಅಸ್ಪೃಶ್ಯರ ಮಕ್ಕಳಿಗೆ ದೊರೆಯುವಂತಿರಲಿಲ್ಲ. ಹೆಣ್ಣುಮಕ್ಕಳ ಪ್ರಶ್ನೆಯಂತೂ ಅಲ್ಲಿ ಏಳಲೇ ಇಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ತಲೆಯೆತ್ತಿದ ವಿದ್ಯಾರ್ಥಿನಿಲಯಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 1905ರಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿಗಾಗಿ ಸಂಸ್ಥೆಯೊಂದು ಹುಟ್ಟಿತು. 1906ರಲ್ಲಿ ಒಕ್ಕಲಿಗರ ಸಂಘ ಸ್ಥಾಪನೆಯಾಯಿತು. ಇಂತಹ ಸಂಘಗಳು ಶಾಲೆಗಳಷ್ಟೇ ಆಸ್ಥೆಯಿಂದ ಹಾಸ್ಟೆಲುಗಳನ್ನೂ ಕಟ್ಟಿದವು. 1918ರಲ್ಲಿ ನೇಮಕಗೊಂಡ ಮಿಲ್ಲರ್ ಸಮಿತಿಯು ಹಿಂದುಳಿದ ವರ್ಗಗಳ ಪ್ರಾತಿನಿಧ್ಯದ ಪ್ರಶ್ನೆಯನ್ನು ಆಡಳಿತದ ಮುಂದಿಡುವ ಹೊತ್ತಿಗೆ, ಆ ಪ್ರಶ್ನೆಯನ್ನು ಕೇಳಬಲ್ಲ ಒಂದು ಪೀಳಿಗೆ ಸಿದ್ಧವಾಗತೊಡಗಿತ್ತು. ದಲಿತ ವಿದ್ಯಾರ್ಥಿಗಳ ವಸತಿಯ ಚರಿತ್ರೆಯಲ್ಲಿ ಗೋಪಾಲಸ್ವಾಮಿ ಅಯ್ಯರ್ ಅವರ ಹೆಸರು ಉಳಿದುಬಂದಿದೆ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸ್ವತಃ ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಶಿವಕುಮಾರ ಸ್ವಾಮಿಗಳು (1907–2019) ದಾಸೋಹದ ಪರಂಪರೆಯನ್ನೇ ಉಚಿತ ವಿದ್ಯಾರ್ಥಿನಿಲಯವಾಗಿ ಬೆಳೆಸಿದರು. ಏಳು ಮನೆಗಳ ಹಂಗಿನ ಜಾಗಕ್ಕೆ ಒಂದೇ ಅಡುಗೆಮನೆ ಬಂದುದು ಸಣ್ಣ ಬದಲಾವಣೆಯಲ್ಲ.

ಎಚ್. ನರಸಿಂಹಯ್ಯನವರ (1920–2005) ಬದುಕು ಇದಕ್ಕೆ ಸಾಕ್ಷಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ ಹುಟ್ಟಿದ ಅವರು 1935ರಲ್ಲಿ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಲು ಬೆಂಗಳೂರಿಗೆ ನಡೆದೇ ಬಂದರು. ಸೆಂಟ್ರಲ್ ಕಾಲೇಜಿನ ಪದವಿ, ಅಮೆರಿಕದ ಓಹಿಯೋದಲ್ಲಿ ಡಾಕ್ಟರೇಟ್, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಸ್ಥಾನ, ಇವೆಲ್ಲವೂ ಆ ನಡಿಗೆಯ ಮುಂದುವರಿಕೆ. ಕೊನೆಯವರೆಗೂ ಅವರು ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಬಾಳಿದರು.

ಸ್ವಾತಂತ್ರ್ಯಾನಂತರ ಈ ಹೊಣೆ ಕ್ರಮೇಣ ಸರ್ಕಾರದ ಪಾಲಾಯಿತು. 1975ರಲ್ಲಿ ಸಲ್ಲಿಕೆಯಾದ ಹಾವನೂರು ಆಯೋಗದ ವರದಿ, ಸರ್ಕಾರಿ ಹಾಸ್ಟೆಲುಗಳ ವಿಸ್ತರಣೆ, ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸಿದ 1984ರ ಕಾಯಿದೆ, 1994ರಿಂದ ವೃತ್ತಿಶಿಕ್ಷಣದ ಸೀಟುಗಳನ್ನು ಹಂಚಿದ ಸಿಇಟಿ, ಅದರಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೂ ಕನ್ನಡ ಮಾಧ್ಯಮದವರಿಗೂ ದೊರೆತ ಪಾಲು, ಇವು ಎಲ್ಲರೂ ಬಲ್ಲ ಸಂಗತಿಗಳು. ಇಲ್ಲಿ ಹೆಚ್ಚು ಪ್ರಸ್ತುತವಾದುದು 2013–14ರಲ್ಲಿ ಆರಂಭವಾದ ವಿದ್ಯಾಸಿರಿ. ಹಾಸ್ಟೆಲಿನಲ್ಲಿ ಜಾಗ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ ಮತ್ತು ವಸತಿಗಾಗಿ ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು ನೀಡುವ ಯೋಜನೆಯಾಗಿ ಅದು ರೂಪುಗೊಂಡಿತು. ವಾರಾನ್ನದ ಏಳು ಮನೆಗಳ ಕೆಲಸವನ್ನು ಇಲ್ಲಿ ಬ್ಯಾಂಕಿನ ಖಾತೆ ಮಾಡಬೇಕಾಯಿತು.

ವಾರಾನ್ನದಿಂದ ವಿದ್ಯಾಸಿರಿಯವರೆಗಿನ ಈ ಎಲ್ಲ ಏರ್ಪಾಟುಗಳ ಹಿಂದೆ ಒಂದೇ ಚಿತ್ರವಿದೆ: ತಂದೆತಾಯಿ ಹಳ್ಳಿಯಲ್ಲಿದ್ದಾರೆ, ಮಗ ಪಟ್ಟಣಕ್ಕೆ ಬಂದು ಓದುತ್ತಿದ್ದಾನೆ. ಆನೇಕಲ್ ತಾಲ್ಲೂಕಿನ ಬೊಮ್ಮಸಂದ್ರದಲ್ಲಿ ಈ ಚಿತ್ರ ತಲೆಕೆಳಗಾಗಿದೆ. ಹೆಸರಿನ ‘ಸಂದ್ರ’ವು ‘ಸಮುದ್ರ’ದ ತದ್ಭವ, ಕೆರೆಯನ್ನು ಆಶ್ರಯಿಸಿ ಬಾಳಿದ ಊರುಗಳಿಗೆ ಈ ಸೀಮೆಯಲ್ಲಿ ರೂಢಿಯಾದ ಹೆಸರದು. ಸಮೀಪದ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ 1978ರಲ್ಲಿ ಕಿಯೋನಿಕ್ಸ್ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತು. ಬೊಮ್ಮಸಂದ್ರದ ರಾಗಿಯ ಹೊಲಗಳೂ ಕೈಗಾರಿಕಾ ಪ್ರದೇಶವಾದವು. ಇಲ್ಲಿ ಹುಡುಗ ಪಟ್ಟಣಕ್ಕೆ ಹೋಗಲಿಲ್ಲ. ಪಟ್ಟಣವೇ ಹೊಲಕ್ಕೆ ಬಂತು. ಇನ್ನೊಂದೆಡೆ ಉತ್ತರ ಕರ್ನಾಟಕದಿಂದಲೂ ಹೊರರಾಜ್ಯಗಳಿಂದಲೂ ಇಡೀ ಸಂಸಾರಗಳೇ ದುಡಿಮೆಗಾಗಿ ಬಂದು ವಠಾರಗಳ ಒಂಟಿ ಕೋಣೆಗಳಲ್ಲಿ ನೆಲೆಸಿದವು.

ಈ ಸಂಸಾರಗಳ ಮಕ್ಕಳಿಗೆ ಅನ್ನ ದೂರವಿಲ್ಲ. ದೂರವಿರುವುದು ಓದುವ ಜಾಗ ಮತ್ತು ಹೊತ್ತು. ರಾತ್ರಿಯ ಶಿಫ್ಟು ಮುಗಿಸಿ ಬಂದ ತಂದೆ ಹಗಲಿನಲ್ಲಿ ಮಲಗಿರುವ ಕೋಣೆಯಲ್ಲಿ ದೀಪ ಹಚ್ಚುವಂತಿಲ್ಲ, ಗಟ್ಟಿಯಾಗಿ ಓದುವಂತಿಲ್ಲ. ಮನೆಯಲ್ಲೇ ಇರುವ ಕಾರಣಕ್ಕೆ ಅವರು ‘ಹಾಸ್ಟೆಲ್ ಬೇಕಾದವರು’ ಎಂಬ ಕಲ್ಪನೆಯೊಳಗೆ ಬರುವುದೂ ಕಷ್ಟ. ಅದಕ್ಕಿಂತ ಬಲವಾದ ಸೆಳೆತ ಕಾರ್ಖಾನೆಯ ಗೇಟಿನದು. ಪಿಯುಸಿ ಅಥವಾ ಐಟಿಐ ಮುಗಿದ ಹದಿನೆಂಟರ ಹುಡುಗನಿಗೆ ಗುತ್ತಿಗೆದಾರನ ಮೂಲಕ ಕೆಲಸ ದೊರೆತರೆ ಮುಂದಿನ ತಿಂಗಳ ಬಾಡಿಗೆ ಹಗುರವಾಗುತ್ತದೆ. ಕಾಲೇಜಿನ ಮೂರು ವರ್ಷವೆಂದರೆ ಮೂರು ವರ್ಷದ ಸಂಬಳವನ್ನು ಬಿಟ್ಟುಕೊಡುವುದು ಎಂಬ ಲೆಕ್ಕವನ್ನು ಆ ಮನೆಗಳಿಗೆ ಯಾರೂ ಕಲಿಸಬೇಕಿಲ್ಲ. ಅದನ್ನು ವಿದ್ಯೆಯ ಬಗೆಗಿನ ಅನಾದರವೆಂದು ತಿಳಿಯುವುದು ತಪ್ಪು.

ವಿದ್ಯಾರ್ಥಿನಿಲಯ ಕೊಟ್ಟದ್ದು ಊಟವನ್ನಷ್ಟೇ ಅಲ್ಲ. ಯಾವ ಅರ್ಜಿ ಎಂದು ತುಂಬಬೇಕು, ಯಾವ ಪರೀಕ್ಷೆಗೆ ಯಾವ ಪುಸ್ತಕ, ಯಾವ ಸಾಹೇಬರನ್ನು ಕಾಣಬೇಕು ಎಂಬ ತಿಳಿವಳಿಕೆ ಹಿರಿಯ ವಿದ್ಯಾರ್ಥಿಯಿಂದ ಕಿರಿಯನಿಗೆ ಬಾಯಿಂದ ಬಾಯಿಗೆ ಇಳಿದುಬರುತ್ತಿತ್ತು. ಬರಹಕ್ಕೆ ಇಳಿಯದ ಈ ಜ್ಞಾನವೂ ಮೌಖಿಕ ಪರಂಪರೆಯೇ. ಬಾಡಿಗೆ ಮನೆಯ ಹುಡುಗಿಗೆ ಅಂತಹ ಹಿರಿಯಕ್ಕ ಇಲ್ಲ. ಅವಳ ಅಕ್ಕಪಕ್ಕದವರು ಬಲ್ಲದ್ದು ಯಾವ ಕಾರ್ಖಾನೆಯಲ್ಲಿ ಓಟಿ ಹೆಚ್ಚು ಎಂಬುದನ್ನು.

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯು ಇಂತಹ ಹುಡುಗಿಯರ ಬಸ್ಸಿನ ಖರ್ಚನ್ನು ಇಳಿಸಿತು. 2025ರ ಆಗಸ್ಟ್ 10ರಂದು ಮೆಟ್ರೊದ ಹಳದಿ ಮಾರ್ಗ ಬೊಮ್ಮಸಂದ್ರವನ್ನು ಆರ್.ವಿ. ರಸ್ತೆಗೆ ಜೋಡಿಸಿತು. ಅಲ್ಲಿ ಹಸಿರು ಮಾರ್ಗದ ರೈಲಿಗೆ ಬದಲಾಯಿಸಿಕೊಂಡರೆ ನಾಲ್ಕನೆಯ ನಿಲ್ದಾಣದ ಹೆಸರು ನ್ಯಾಷನಲ್ ಕಾಲೇಜು.