ಕಣದ ವಾರ

ಪುರವರದ ಸುತ್ತಿನ ಹಳ್ಳಿಗಳಲ್ಲಿ ‘ಹೊಲ ವಾರಕ್ಕೆ ಕೊಟ್ಟಿದ್ದೀವಿ’ ಅಂದರೆ ‘ಎಷ್ಟು ವಾರಕ್ಕೆ?’ ಎಂದು ಯಾರೂ ಕೇಳುವುದಿಲ್ಲ. ಹೊಲ ಒಬ್ಬರದು, ದುಡಿಮೆ ಇನ್ನೊಬ್ಬರದು, ಬೆಳೆದದ್ದರಲ್ಲಿ ಇಬ್ಬರಿಗೂ ಪಾಲು. ಹಸು, ಕುರಿಯನ್ನೂ ಹೀಗೇ ವಾರಕ್ಕೆ ಬಿಡುತ್ತಾರೆ. ನಮ್ಮ ತಾತ ಬದುಕಿದ್ದಷ್ಟು ಕಾಲ ವಾರದ ಹೊಲವನ್ನೇ ಉತ್ತವರು. ಹಾಗಾಗಿ ಈ ಎರಡಕ್ಷರ ನನಗೆ ಬರೀ ನಿಘಂಟಿನ ಸಂಗತಿಯಲ್ಲ.

ಏಳು ದಿನದ ವಾರ ಸಂಸ್ಕೃತದ್ದು. ಅಲ್ಲಿ ಅದಕ್ಕೆ ಸರದಿ, ಪಾಳಿ ಎಂಬರ್ಥ. ಒಂದೊಂದು ದಿನ ಒಂದೊಂದು ಗ್ರಹದ ಪಾಳಿ. ಗ್ರಹಗಳ ಹೆಸರಲ್ಲಿ ದಿನ ಎಣಿಸುವ ಈ ರೂಢಿ ಗ್ರೀಕ್–ರೋಮನ್ ಜ್ಯೋತಿಷದ ಜೊತೆ ಹೊರಗಿನಿಂದ ಬಂತು. ಮಧ್ಯಪ್ರದೇಶದ ಏರಣದಲ್ಲಿರುವ ಬುಧಗುಪ್ತನ ಕಂಬದ ಶಾಸನ ಕ್ರಿ.ಶ. 484ರಲ್ಲೇ ಗುರುವಾರವನ್ನು ಹೇಳುತ್ತದೆ. ಕನ್ನಡ ಶಾಸನಗಳಲ್ಲಿ ‘ವಡ್ಡವಾರ’ ಅಂತಲೂ ಒಂದು ದಿನ ಬರುತ್ತದೆ. ಅದು ಶನಿವಾರ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಬಡ ವಿದ್ಯಾರ್ಥಿಗಳು ದಿನಕ್ಕೊಂದು ಮನೆಯಲ್ಲಿ ಉಂಡು ಓದುತ್ತಿದ್ದ ವಾರಾನ್ನವೂ ಇದೇ ಪಾಳಿಯದು.

ಕಣದ ವಾರ ದಕ್ಷಿಣದ ಮಾತು. ತಮಿಳಿನಲ್ಲಿ ವಾರಂ, ತೆಲುಗಿನಲ್ಲಿ ವಾರಮು. ಮದರಾಸು ಸೀಮೆಯ ಕಂದಾಯದ ಕಾಗದಗಳಲ್ಲಿ ದೊರೆಯ ಪಾಲು ಮೇಲ್ವಾರಂ, ಉಳುವವನ ಪಾಲು ಕುಡಿವಾರಂ. ನಮ್ಮಲ್ಲಿ ಅಷ್ಟು ವಿಂಗಡಣೆ ಇರಲಿಲ್ಲ. ರಾಗಿ ತುಳಿಸಿ, ತೂರಿ, ರಾಶಿಗೆ ಪೂಜೆ ಮಾಡಿದ ಮೇಲೆ ಹೊಲದೊಡೆಯರು ಬಂದು ಕೂರುವವರೆಗೂ ಯಾರೂ ಕೊಳಗ ಮುಟ್ಟುವಂತಿರಲಿಲ್ಲ. ಮೊದಲ ಅಳತೆಗೆ ‘ಒಂದು’ ಅನ್ನುತ್ತಿರಲಿಲ್ಲ, ‘ಲಾಭ’ ಅನ್ನುತ್ತಿದ್ದರು. ಅವರಿಗೊಂದು ಕೊಳಗ, ನಮಗೊಂದು ಕೊಳಗ. ಹುಲ್ಲಿನಲ್ಲೂ ಪಾಲು. ಬೀಜ ಅವರು ಕೊಟ್ಟಿದ್ದರೆ ಅದನ್ನು ಮೊದಲೇ ತೆಗೆದಿಡಬೇಕಿತ್ತು. ಇದೆಲ್ಲ ಬಾಯಿಮಾತಿನಲ್ಲಿ, ನಾಲ್ಕು ಜನರ ಎದುರು ನಡೆಯುತ್ತಿತ್ತು.

ಪಾವಗಡದ ಕಡೆ ಹೋದರೆ ಇದೇ ಸದ್ದು ಮತ್ತೊಂದು ಅರ್ಥ ಹೊತ್ತು ಎದುರಾಗುತ್ತದೆ. ನನ್ನ ಹೆಂಡತಿಯ ತವರು ಅಲ್ಲಿ. ಅತ್ತೆ ‘ಮಾವಾರು’ ಅಂದರೆ ಅವರ ಯಜಮಾನರು. ತೆಲುಗಿನ ಆ ‘ವಾರು’ ನಮ್ಮ ‘ಅವರು’ ಇದ್ದ ಹಾಗೆ, ಮರ್ಯಾದೆಯ ಮಾತು.

ನಾಲ್ಕನೆಯದು ದಫ್ತರಗಳ ಜೊತೆ ಬಂತು. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ ಸಿರಾ ಗೆದ್ದ. 1687ರಲ್ಲಿ ಮೊಗಲರು ಅದನ್ನೇ ಒಂದು ಸುಬಾದ ರಾಜಧಾನಿ ಮಾಡಿಕೊಂಡರು. ಪೆನುಗೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಎಲ್ಲವೂ ಅದರ ಏಳು ಪರಗಣೆಗಳಲ್ಲಿ ಸೇರಿದ್ದವು. ಜಮಾಬಂದಿ, ಶಿರಸ್ತೇದಾರನಂಥ ಮಾತುಗಳು ನಮ್ಮ ನಾಲಗೆಗೆ ಹತ್ತಿದ್ದು ಇಂಥ ಆಡಳಿತಗಳಿಂದ. ಫಾರಸಿಯ ‘ವಾರ್’ ಅಂದರೆ ಇಂತಿಂಥದರ ಪ್ರಕಾರ. ತಾಲ್ಲೂಕುವಾರು, ಜಿಲ್ಲಾವಾರು ಅನ್ನುವಾಗ ನಾವು ಆಡುವುದು ಅದನ್ನೇ. ರೈತವಾರಿಯಲ್ಲಿರುವುದೂ ಅದೇ. 1800ರಿಂದ 1807ರವರೆಗೆ ಪಕ್ಕದ ಅನಂತಪುರದ ಸೀಮೆಗಳಿಗೆ ಕಲೆಕ್ಟರಾಗಿದ್ದ ಥಾಮಸ್ ಮನ್ರೋ ಈ ಪದ್ಧತಿಗೆ ಹೆಸರಾದವನು. ಮಧ್ಯವರ್ತಿಯಿಲ್ಲದೆ ಸರ್ಕಾರ ನೇರವಾಗಿ ರೈತನ ಲೆಕ್ಕ ಹಿಡಿಯಿತೆಂದು ಅದನ್ನು ಹೊಗಳುವವರಿದ್ದಾರೆ. ನನಗೆ ಆ ಹೊಗಳಿಕೆ ಅರ್ಧ ಸತ್ಯವಾಗಿಯೇ ಕಾಣುತ್ತದೆ. ಲೆಕ್ಕದ ರೈತ ಪಟ್ಟಾದಾರ. ಅವನ ಹೊಲದಲ್ಲಿ ವಾರಕ್ಕೆ ಉತ್ತವನು ಪುಸ್ತಕಕ್ಕೆ ಬರಲೇ ಇಲ್ಲ.

ಅದರ ಪೆಟ್ಟು ಗೊತ್ತಾದದ್ದು ದೇವರಾಜ ಅರಸರ ಕಾಲಕ್ಕೆ. 1974ರ ಮಾರ್ಚ್ 1ರಿಂದ ಗೇಣಿಯ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಉಳುವವನು 7ನೇ ನಮೂನೆಯಲ್ಲಿ ಭೂನ್ಯಾಯ ಮಂಡಳಿಗೆ ಅರ್ಜಿ ಹಾಕಬೇಕಾಯಿತು. ಈ ನಾಡಿನಲ್ಲಿ ಅಷ್ಟು ದೊಡ್ಡ ಕಾನೂನು ಅಪರೂಪ. ಎಷ್ಟೋ ಮನೆಗಳು ಅದರಿಂದ ತಲೆಯೆತ್ತಿದವು. ಆದರೆ ಮಂಡಳಿ ಪುರಾವೆ ಕೇಳುತ್ತಿತ್ತು. ದುಡ್ಡು ಕಟ್ಟಿದ ಗೇಣಿಗೆ ಒಂದು ರಸೀದಿಯಾದರೂ ಇದ್ದೀತು, ಕೊಳಗದಲ್ಲಿ ಅಳೆದುಕೊಟ್ಟ ರಾಗಿಗೆ ಯಾವ ರಸೀದಿ? ಪಹಣಿಯ ಸಾಗುವಳಿದಾರರ ಕಾಲಂನಲ್ಲಿ ತಾತನ ಹೆಸರಿರಲಿಲ್ಲ. ಹೊಲ ಸಿಗಲಿಲ್ಲ. ಹೊಲವಿದ್ದವರೂ ಹೆದರಿ ವಾರಕ್ಕೆ ಕೊಡುವುದನ್ನು ಬಿಟ್ಟರು, ಇಲ್ಲವೇ ಗುಟ್ಟಾಗಿ ಕೊಟ್ಟರು.

ಈಗಲೂ ವಾರ ನಿಂತಿಲ್ಲ. ಬೆಂಗಳೂರು ಸೇರಿದವರ ಹೊಲದಲ್ಲಿ ಊರಿನಲ್ಲಿ ಉಳಿದವರು ಕಡಲೆಕಾಯಿ, ಜೋಳ ಹಾಕುತ್ತಾರೆ. ಕಾಗದ ಮಾತ್ರ ಯಾರೂ ಮಾಡಿಕೊಳ್ಳುವುದಿಲ್ಲ. ಮಳೆ ಕೈಕೊಟ್ಟ ವರ್ಷ ಬೆಳೆ ಪರಿಹಾರ ಪಹಣಿಯಲ್ಲಿ ಹೆಸರಿರುವವರ ಖಾತೆಗೆ ಬೀಳುತ್ತದೆ. ಬಿತ್ತಿದವನು ಅವರಿಗೆ ಫೋನು ಮಾಡಿ, ಅದರಲ್ಲೂ ವಾರ ಕೊಡಿ ಎಂದು ಕೇಳಬೇಕು.