ಹೊತ್ತು ತಂದವರು, ಎಳೆದೊಯ್ದವರು

ಹಡಪ್ಸರ್ ಕಡೆ ಆಫೀಸಿಗೆ ಹೋಗುವಾಗಲೆಲ್ಲ ನನಗೆ 1897ರ ಪ್ಲೇಗು ನೆನಪಾಗುತ್ತದೆ. ಆ ಫೆಬ್ರವರಿಯಲ್ಲಿ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. ಪುಣೆಯ ಹೊಣೆ ರ್‍ಯಾಂಡ್ ಎಂಬ ಅಧಿಕಾರಿಗೆ ಬಂತು. ಮಾರ್ಚಿನಿಂದ ಸೈನಿಕರು ಅಡುಗೆಮನೆ, ದೇವರಮನೆ ಬಿಡದೆ ಹುಡುಕಿದರು. ರೋಗಿ ಆಸ್ಪತ್ರೆಗೆ, ಮನೆಯವರು ಬೇರೆ ಶಿಬಿರಕ್ಕೆ. ಹೆದರಿದ ಜನ ಕಾಯಿಲೆಯವರನ್ನೇ ಬಚ್ಚಿಡತೊಡಗಿದರು. ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ರ್‍ಯಾಂಡನಿಗೆ ಗುಂಡಿಟ್ಟ ಕಥೆ ಎಲ್ಲರಿಗೂ ಗೊತ್ತು.

ಅದೇ ವರ್ಷದ ಆರಂಭದಲ್ಲಿ ಸಾವಿತ್ರಿಬಾಯಿ ಫುಲೆಯವರ ದತ್ತುಮಗ ಡಾ. ಯಶವಂತ ಊರಾಚೆ ಚಿಕಿತ್ಸಾಲಯ ತೆರೆದಿದ್ದರು. ಗಮನಿಸಿ, ಅಲ್ಲಿಯೂ ರೋಗಿ ಊರಿಂದ ದೂರವೇ! ಆದರೆ ಮುಂಢವಾದ ಹುಡುಗನೊಬ್ಬನನ್ನು 66ರ ಸಾವಿತ್ರಿಬಾಯಿ ತಾವೇ ಬೆನ್ನ ಮೇಲೆ ಹೊತ್ತು ಅಲ್ಲಿಗೆ ತಂದರು. ಸೋಂಕು ತಗುಲಿ ಮಾರ್ಚ್ 10ರಂದು ತೀರಿಕೊಂಡರು.

ರೋಗಿಯನ್ನು ದೂರ ಇಡುವುದೇ ತಪ್ಪು ಎಂದು ನಾನು ಹೇಳಲಾರೆ. ಸೋಂಕು ಯಾರ ಮರ್ಜಿಯನ್ನೂ ಕೇಳುವುದಿಲ್ಲ. ಜೊತೆಗೆ ಯಾರು ಹೋಗುತ್ತಾರೆ ಎಂಬ ಪ್ರಶ್ನೆಯನ್ನು ಮಾತ್ರ ಆ ಕಾಯ್ದೆ ಕೇಳಿಕೊಳ್ಳಲೇ ಇಲ್ಲ.

2020ರಲ್ಲಿ ಅದೇ ಕಾಯ್ದೆ ಮತ್ತೆ ಹೊರಬಂತು. ನಮ್ಮ ಸೊಸೈಟಿಯ ಅಜ್ಜಿಯೊಬ್ಬರು ಆಂಬುಲೆನ್ಸ್ ಹತ್ತುವಾಗ ನಾವೆಲ್ಲ ಬಾಲ್ಕನಿಯಲ್ಲಿದ್ದೆವು. ಅವರ ಬಟ್ಟೆ ಚೀಲ ಗೇಟಿನಲ್ಲೇ ಉಳಿಯಿತು. ಇಳಿದು ಹೋಗಿ ಎತ್ತಿಕೊಡಲು ನನಗೂ ಧೈರ್ಯ ಬರಲಿಲ್ಲ.