ಊಟದ ನಂತರದ ಪಿರಿಯಡ್

ಸಮಾಜ ವಿಜ್ಞಾನಕ್ಕೆ ಟೈಂಟೇಬಲ್‌ನಲ್ಲಿ ಸಿಗುವುದು ಹೆಚ್ಚಾಗಿ ಊಟದ ನಂತರದ ಮೊದಲ ಪಿರಿಯಡ್. ಗಣಿತ, ಇಂಗ್ಲಿಷ್, ವಿಜ್ಞಾನ ಬೆಳಗ್ಗೆ ಆಗಬೇಕು, ಆಗ ಮಕ್ಕಳ ತಲೆ ಚುರುಕು ಎಂಬುದು ಸ್ಟಾಫ್ ರೂಮಿನ ಹಳೆಯ ಒಪ್ಪಂದ. ಚರಿತ್ರೆಗೆ ತಲೆ ಬೇಡವೇನೋ! ಹಾಗಾಗಿ ಪಾಣಿಪತ್ ಯುದ್ಧ ನಡೆಯುವುದೂ, ವಿಜಯನಗರ ಬೀಳುವುದೂ ನಮ್ಮಲ್ಲಿ ಅರೆಮುಚ್ಚಿದ ಕಣ್ಣುಗಳ ಎದುರಿಗೇ.

ಕೆಲವು ವರ್ಷಗಳ ಹಿಂದೆ ಏಳನೆಯ ತರಗತಿಯ ಹುಡುಗನೊಬ್ಬ ಈ ಪಿರಿಯಡ್‌ನಲ್ಲಿ ದಿನವೂ ನಿದ್ದೆ ಮಾಡುತ್ತಿದ್ದ. ಒಂದು ದಿನ ಸಿಟ್ಟು ಬಂದು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆವು. ನಿಂತಲ್ಲೇ ತೂಕಡಿಸಿದ. ಮಕ್ಕಳು ನಕ್ಕರು, ನಾವೂ ನಕ್ಕೆವು. ಆಮೇಲೆ ಗೊತ್ತಾದದ್ದು ಇಷ್ಟು: ಅವನು ಕತ್ತಲಿರುವಾಗಲೇ ಎದ್ದು ಮದ್ರಸಕ್ಕೆ ಹೋಗಿ, ಅಲ್ಲಿಂದ ಮನೆಗೆ ಬಂದು, ಚೀಲ ಬದಲಾಯಿಸಿ ಶಾಲೆಗೆ ಓಡಿ ಬರುತ್ತಿದ್ದ. ತಿಂಡಿ ತಿನ್ನಲು ಹೊತ್ತು ಸಾಲುತ್ತಿರಲಿಲ್ಲ. ಹೊಟ್ಟೆ ತುಂಬ ಅವನು ಉಣ್ಣುತ್ತಿದ್ದ ಮೊದಲ ಊಟ ಶಾಲೆಯದ್ದೇ. ನಮ್ಮ ಮಕ್ಕಳ ಈ ತೂಕಡಿಕೆ ಎಲ್ಲಿಂದ ಬಂತು ಎಂದು ಹುಡುಕತೊಡಗಿದ್ದು ಆ ಮೇಲೆ.

ಎರಡು ಶತಮಾನ ಹಿಂದಕ್ಕೆ ಹೋಗೋಣ. ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಜಿಲ್ಲೆ ಜಿಲ್ಲೆಯ ಕಲೆಕ್ಟರುಗಳಿಂದ ಊರ ಶಾಲೆಗಳ ಲೆಕ್ಕ ಕೇಳಿದ. ಆಗ ನಮ್ಮ ಕಾಸರಗೋಡು ಕೆನರಾ ಜಿಲ್ಲೆಯಲ್ಲಿತ್ತು. ಎಲ್ಲ ಕಡೆಯಿಂದ ಕೋಷ್ಟಕಗಳು ಬಂದರೆ ಕೆನರಾ ಕಲೆಕ್ಟರ್ ಮಾತ್ರ ಇಲ್ಲಿ ಸ್ಥಿರವಾದ ಶಾಲೆಗಳೇ ಇಲ್ಲವೆಂದು ಬರೆದು ಕೈ ತೊಳೆದುಕೊಂಡ. ಹೀಗೆ ನಮ್ಮ ಊರಿನ ಪಾಲಿಗೆ ಆ ಪುಟ ಖಾಲಿ. ಕನ್ನಡ ಮಕ್ಕಳ ದಿನಚರಿ ತಿಳಿಯಬೇಕಾದರೆ ಬಳ್ಳಾರಿಯತ್ತ ನೋಡಬೇಕು. ಅಲ್ಲಿನ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಕಳಿಸಿದ ವರದಿಯಲ್ಲಿ 533 ಶಾಲೆಗಳಿವೆ, ಅವುಗಳಲ್ಲಿ 235 ಕನ್ನಡದವು. ಮಕ್ಕಳು ಸೇರುತ್ತಿದ್ದದ್ದು ಬೆಳಗ್ಗೆ ಆರು ಗಂಟೆಗೆ! ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಿದ್ದರಂತೆ, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು... ಹೀಗೇ ಏರುತ್ತಾ ಹೋಗುತ್ತದೆ. ಕಡೆಗೆ ಬಂದವನ ಗತಿ ದೇವರೇ ಬಲ್ಲ. ಏಟಿನ ಕಾಲಕ್ಕೆ ನಾವೇನೂ ಹಂಬಲಿಸುವುದಿಲ್ಲ. ಆದರೆ ಐಗಳ ಮಠ ಬೆಳಗಿನ ತಂಪನ್ನು ಓದಿಗೆ ಇಟ್ಟುಕೊಂಡಿತ್ತು ಎಂಬುದು ಗಮನಿಸಬೇಕಾದ ಸಂಗತಿ. ಹತ್ತರಿಂದ ನಾಲ್ಕು ಎಂಬುದು ಕಚೇರಿಯ ಗಂಟೆ. ಗುಮಾಸ್ತರು ಉಂಡು ಹೊರಡುವ ಹೊತ್ತಿಗೆ ಮಕ್ಕಳೂ ಹೊರಟರು, ಬಿಸಿಲು ನೆತ್ತಿಗೇರಿ ಇಳಿಯುವಷ್ಟು ಹೊತ್ತೂ ಪಾಠ.

ಹಾಗಾದರೆ ಹಿಂದಿನ ಮಕ್ಕಳು ಮಧ್ಯಾಹ್ನ ಉಂಡು ತೂಕಡಿಸುತ್ತಿದ್ದರೇ? ಹಲವರಿಗೆ ಉಣ್ಣಲು ಇದ್ದರಲ್ಲವೇ! ಹಳಬರನ್ನು ಕೇಳಿ ನೋಡಿ. ಬೆಳಗ್ಗೆ ಕುಚ್ಚಲಕ್ಕಿ ಗಂಜಿ ಕುಡಿದು, ಗುಡ್ಡ ಇಳಿದು, ತೋಡು ದಾಟಿ ಬಂದವರು ಮಧ್ಯಾಹ್ನ ಬಾವಿಕಟ್ಟೆಯ ನೀರು ಕುಡಿದು ಕೂತದ್ದನ್ನು ಹೇಳುತ್ತಾರೆ. ಆ ಮಂಪರು ಹಸಿವಿನದ್ದು. ಮಾಷ್ಟ್ರ ಬೆತ್ತಕ್ಕೆ ಮಾತ್ರ ಹಸಿವಿನ ನಿದ್ದೆ ಯಾವುದು, ಊಟದ ನಿದ್ದೆ ಯಾವುದು ಎಂಬ ಭೇದ ಗೊತ್ತಿರಲಿಲ್ಲ.

ಮದ್ರಾಸ್ ನಗರಸಭೆ 1920ರಲ್ಲೇ ತನ್ನ ಶಾಲೆಯಲ್ಲಿ ಮಕ್ಕಳಿಗೆ ಊಟ ಹಾಕಿತ್ತು. ಕಾಮರಾಜರು ಮುಖ್ಯಮಂತ್ರಿಯಾಗಿದ್ದಾಗ, 1956ರ ಹೊತ್ತಿಗೆ, ಮಧ್ಯಾಹ್ನದೂಟ ಮದ್ರಾಸ್ ರಾಜ್ಯದ ಹಳ್ಳಿ ಶಾಲೆಗಳಿಗೂ ಬರತೊಡಗಿತು. ಅದೇ ವರ್ಷ ನವೆಂಬರ್ 1ಕ್ಕೆ ನಾವು ಮದ್ರಾಸನ್ನು ಬಿಟ್ಟು ಕೇರಳದ ಪಾಲಾದೆವು. ಭಾಷೆಯ ವಿಷಯದಲ್ಲಿ ಆ ದಿನದ ಬಗ್ಗೆ ಎಷ್ಟೋ ಬರೆದಿದ್ದಾರೆ, ತಟ್ಟೆಯ ವಿಷಯ ಯಾರೂ ಬರೆದಂತಿಲ್ಲ.

ಕೇರಳದಲ್ಲಿ 1960ರ ದಶಕದ ಆರಂಭದಲ್ಲಿ ಅಮೆರಿಕದ ‘ಕೇರ್’ ಸಂಸ್ಥೆಯ ನೆರವು ಬಂತು. ಹಾಲಿನ ಪುಡಿ, ಜೋಳದ ಹಿಟ್ಟು, ಗೋಧಿ ನುಚ್ಚು, ಎಣ್ಣೆಯ ಡಬ್ಬ. ಶಾಲೆಯ ಆ ಹಳದಿ ಉಪ್ಪಿಟ್ಟನ್ನು ನಮ್ಮವರು ಸಜ್ಜಿಗೆ ಎಂದೇ ಕರೆದರು. ಅಮೆರಿಕದ ಹೊಲದ ಜೋಳ ಉಪ್ಪಳ, ಕುಂಬಳೆ, ಬದಿಯಡ್ಕದ ಮಕ್ಕಳ ಬಾಯಲ್ಲಿ ಸಜ್ಜಿಗೆಯಾದದ್ದು ನಮಗೆ ಪಾಣಿಪತ್‌ಗಿಂತ ದೊಡ್ಡ ಚರಿತ್ರೆಯಾಗಿ ಕಾಣುತ್ತದೆ. ಇಂದಿಗೂ ಅರವತ್ತು ದಾಟಿದವರು ಅದರ ವಾಸನೆಯನ್ನು ನೆನೆಸಿ ಕಣ್ಣು ಅರಳಿಸುತ್ತಾರೆ. ಮನೆಗೆ ಕೊಂಡುಹೋಗಿ ತಮ್ಮ ತಂಗಿಯರಿಗೆ ಹಂಚಿದವರೂ ಇದ್ದಾರೆ.

1984ರ ಮೇ 24ಕ್ಕೆ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕೇರಳ ಸರಕಾರ ತನ್ನದೇ ಖರ್ಚಿನಲ್ಲಿ ಕರಾವಳಿ ಹಳ್ಳಿಗಳ ಲೋವರ್ ಪ್ರೈಮರಿ ಶಾಲೆಗಳಲ್ಲಿ ಮಧ್ಯಾಹ್ನದೂಟ ತೊಡಗಿತು. ಮರುವರ್ಷ ರಾಜ್ಯದ ಎಲ್ಲ ಎಲ್‌ಪಿ ಶಾಲೆಗಳಿಗೆ, 1987ರಲ್ಲಿ ಯುಪಿ ತರಗತಿಗಳಿಗೆ, 2007ರಲ್ಲಿ ಎಂಟನೆಯ ತರಗತಿಗೆ ಅದು ಬಂತು. ಗಂಜಿ ಮತ್ತು ಪಯರು, ಅಂದರೆ ಹೆಸರುಕಾಳಿನ ಪಲ್ಯ. ಮಾವೇಲಿ ಸ್ಟೋರಿನ ಅಕ್ಕಿ, ಸೌದೆ ಒಲೆಯ ಹೊಗೆ, ಸಾಲಾಗಿ ತಟ್ಟೆ ಹಿಡಿದ ಮಕ್ಕಳು. ಗಂಜಿಯ ಕಾಲದಲ್ಲೂ ನಿದ್ದೆ ಬರುತ್ತಿತ್ತು, ಆದರೆ ಗಂಜಿಯಲ್ಲಿ ನೀರೇ ಹೆಚ್ಚು. ಅದು ಹಗುರದ ನಿದ್ದೆ ಎನ್ನುತ್ತಾರೆ ನಿವೃತ್ತ ಗೆಳೆಯರು. ಇದಕ್ಕೆ ಪುರಾವೆ ಕೇಳಬೇಡಿ! ಈಗ ಗಂಜಿಯ ಜಾಗದಲ್ಲಿ ಅನ್ನ, ಸಾರು, ಪಲ್ಯ; ವಾರಕ್ಕೆ ಹಾಲು, ಮೊಟ್ಟೆ. ಎಲ್‌ಪಿ ಮಗುವಿಗೆ ದಿನಕ್ಕೆ 100 ಗ್ರಾಂ, ಯುಪಿ ಮಗುವಿಗೆ 150 ಗ್ರಾಂ ಅಕ್ಕಿಯ ಲೆಕ್ಕ. 2025ರಿಂದ ಲೆಮನ್ ರೈಸ್, ತರಕಾರಿ ಬಿರಿಯಾನಿಯೂ ಮೆನುವಿಗೆ ಸೇರಿವೆ.

ಇನ್ನು ಈ ನಿದ್ದೆ ಬರುವುದೇಕೆ? ರಕ್ತವೆಲ್ಲ ಹೊಟ್ಟೆಗೆ ಹೋಗಿ ಮೆದುಳಿಗೆ ಕಡಿಮೆಯಾಗುತ್ತದೆ ಎಂದು ನಾವೂ ಹೇಳುತ್ತಿದ್ದೆವು. ಅದು ಸರಿಯಲ್ಲ, ಮೆದುಳು ತನ್ನ ಪಾಲಿನ ರಕ್ತವನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಊಟ ಕೊಡದೆ ಕೂರಿಸಿ ನೋಡಿದವರಲ್ಲೂ ಮಧ್ಯಾಹ್ನ ಒಂದರಿಂದ ನಾಲ್ಕರ ನಡುವೆ ಎಚ್ಚರ ಇಳಿಯುವುದನ್ನು ನಿದ್ದೆಯ ಸಂಶೋಧಕರು ಕಂಡಿದ್ದಾರೆ. ಶರೀರದ ಒಳಗಿನ ಗಡಿಯಾರವೇ ಆ ಹೊತ್ತಿಗೆ ಸ್ವಲ್ಪ ಇಳಿಜಾರಿಗೆ ಬರುತ್ತದೆ. ಹೊಟ್ಟೆ ತುಂಬ ಅನ್ನ, ಶೀಟಿನ ಮಾಡಿನ ಸೆಕೆ, ರಾತ್ರಿಯ ಅರೆನಿದ್ದೆ ಸೇರಿದರೆ ಇಳಿಜಾರು ಇನ್ನೂ ಕಡಿದಾಗುತ್ತದೆ. ಅರೆನಿದ್ದೆಗೆ ನಮ್ಮಲ್ಲಿ ಕಾರಣಗಳಿಗೆ ಬರವೇ? ಹಿಂದೆ ದೀಪಾವಳಿಯಿಂದ ಪತ್ತನಾಜೆಯವರೆಗೆ ಬೆಳಗಿನವರೆಗಿನ ಆಟ, ಕೋಲ, ಕಳಿಯಾಟ. ಪಾರ್ತಿಸುಬ್ಬನ ಊರಿನ ಮಕ್ಕಳನ್ನು ಆಟಕ್ಕೆ ಹೋಗಬೇಡಿ ಎನ್ನುವುದು ಹೇಗೆ? ಈಗ ಹಲವು ಮೇಳಗಳು ಕಾಲಮಿತಿಗೆ ಬಂದಿವೆ, ಆ ಜಾಗವನ್ನು ಮೊಬೈಲ್ ತುಂಬಿದೆ.

ಗಂಟೆ ಬದಲಿಸುವ ಮಾತು ಆಗಾಗ ಬರುತ್ತದೆ. ಡಾ. ಎಂ.ಎ. ಖಾದರ್ ಸಮಿತಿ ಬೆಳಗ್ಗೆ 8ರಿಂದ ಮಧ್ಯಾಹ್ನ 1ರವರೆಗೆ ಶಾಲೆ ನಡೆಸಬಹುದೆಂದು ಶಿಫಾರಸು ಮಾಡಿತು. ಐಗಳ ಮಠದ ಹೊತ್ತಿಗೆ ಹತ್ತಿರದ ಸಲಹೆ, ಜಾರಿಗೆ ಬರಲಿಲ್ಲ. 2025ರ ಜೂನ್‌ನಲ್ಲಿ ಆದದ್ದು ಬೇರೆ: ಹೈಸ್ಕೂಲಿಗೆ ಶುಕ್ರವಾರ ಬಿಟ್ಟು ಉಳಿದ ದಿನ ಅರ್ಧ ಗಂಟೆ ಹೆಚ್ಚು, 9.45ರಿಂದ 4.15. ಬೆಳಗಿನ ಮದ್ರಸಕ್ಕೆ ತೊಂದರೆಯೆಂದು ಸಮಸ್ತ ಸಂಘಟನೆ ಆಕ್ಷೇಪಿಸಿತು. ಬೇಗ ಶುರು ಮಾಡಿದರೆ ಆ ಏಳನೆಯ ತರಗತಿಯ ಹುಡುಗನಂಥವರು ಇನ್ನೂ ಬೇಗ ಏಳಬೇಕು, ತಡ ಮಾಡಿದರೆ ಸಂಜೆಯ ಬಸ್ಸು ತಪ್ಪುತ್ತದೆ. ಸುಲಭದ ಉತ್ತರ ನಮಗೂ ಹೊಳೆದಿಲ್ಲ. ಚರ್ಚೆಯಲ್ಲಿ ಧರ್ಮ, ಕೆಲಸದ ದಿನಗಳ ಲೆಕ್ಕ, ಅಧ್ಯಾಪಕರ ಸಂಘಟನೆಗಳು ಎಲ್ಲವೂ ಬಂದವು. ಎರಡು ಗಂಟೆಗೆ ತೂಗುವ ತಲೆಗಳ ವಿಷಯ ಯಾರ ಬಾಯಲ್ಲೂ ನಾವು ಕೇಳಲಿಲ್ಲ ಎಂಬುದಷ್ಟೇ ನಮ್ಮ ತಕರಾರು.

ಬೆಂಚಿನ ಮೇಲೆ ನಿಲ್ಲಿಸುವುದನ್ನು ನಾವು ಬಿಟ್ಟು ಬಹಳ ಕಾಲವಾಯಿತು. ಈಗ ಊಟದ ನಂತರದ ಪಿರಿಯಡ್‌ನ ಮೊದಲ ಹತ್ತು ನಿಮಿಷ ಪುಸ್ತಕ ತೆರೆಯುವುದಿಲ್ಲ. ತಲೆ ಇಡುವವರು ಡೆಸ್ಕಿನ ಮೇಲೆ ತಲೆ ಇಡಬಹುದು. ನಿದ್ದೆ ಬಾರದವರು ಭೂಪಟದಲ್ಲಿ ಊರು ಹುಡುಕುತ್ತಾರೆ. ವರಾಂಡದಲ್ಲಿ ಹೆಡ್ಮಾಷ್ಟ್ರ ಚಪ್ಪಲಿಯ ಸದ್ದು ಕೇಳಿದರೆ ಮುಂದಿನ ಬೆಂಚಿನವರು ತಾವಾಗಿಯೇ ಹಿಂದಿನವರನ್ನು ಎಬ್ಬಿಸುತ್ತಾರೆ.